ನೀಲಿ ಚಾದರ ಒಣಹಾಕಿದ ದಿನ

ಸೈಕಲ್ ಶಾಪಿನವನು ಅವಳ ಕೈಯಿಂದ ರೆಕಾರ್ಡರನ್ನು ಕಸಿದುಕೊಂಡವನೇ ಪಂಕ್ಚರ್ ನೋಡುವ ನೀರಿನ ಬೋಗುಣಿಯಲ್ಲಿ ಮುಳುಗಿಸಿ ಹಿಡಿದ.

ಗುಳುಗುಳು ಎಂದು ಒಂದಷ್ಟು ಗುಳ್ಳೆ ಮೇಲೆ ಬಂತು.

"ನೋಡಿದ್ರಾ ಟೇಪಮ್ಮ? ಗಾಳಿ ಹೋಗ್ತಾ ಇದೆ. ಎಲ್ಲೋ ತೂತಿದೆ," ಎಂದ. ಬಾಗಿಲಲ್ಲಿ ನಿಂತಿದ್ದವರು ನಕ್ಕರು. ಆ ನಗುವಿನಲ್ಲಿ ಸಂತೋಷದ ಸುಳಿವೇ ಇರಲಿಲ್ಲ.

"ಅದರಲ್ಲಿ ನಿನ್ನೆ ನೀವೇ ಹೇಳಿದ ಮಾತಿತ್ತು," ಎಂದಳು ಅವಳು.

"ಗೊತ್ತು. ಅದಕ್ಕೇ ಮುಳುಗಿಸಿದ್ದು. ನನ್ನ ಹೆಂಡತಿ ಹೇಗೆ ಸತ್ತಳು ಅಂತ ನಿಮ್ಮ ಡಬ್ಬಿಗೆ ಯಾಕೆ ಹೇಳಬೇಕಿತ್ತು ನಾನು? ಡಬ್ಬಿ ಏನು ಅಳುತ್ತಾ?"

ಟೇಪಮ್ಮ ಎನ್ನುವುದು ಆ ಪೇಟೆಯವರು ಅವಳಿಗೆ ಇಟ್ಟ ಹೆಸರು. ಯುದ್ಧಕ್ಕೆ ಮುಂಚೆ ಅವಳು ಕೋರ್ಟಿನಲ್ಲಿ ಕರಿಕೋಟು ಹಾಕಿಕೊಂಡು ವಾದಿಸುತ್ತಿದ್ದ ವಕೀಲೆ. ಈಗ ತನಿಖಾ ಆಯೋಗದವಳು. ಬಂದೂಕು ಮುಟ್ಟದ ಜನರನ್ನು ಯಾರು ಕೊಂದರು, ಬೇಕೆಂದೇ ಕೊಂದರೋ ಎಂದು ಹುಡುಕಿ ದಾಖಲಿಸುವುದು ಅವಳ ಕೆಲಸ. ಯುದ್ಧ ಇನ್ನೂ ನಡೆಯುತ್ತಲೇ ಇತ್ತು. ಹಾಗಾಗಿ ಸತ್ತವರ ಲೆಕ್ಕ ಬರೆದು ಮುಗಿಯುವ ಮೊದಲೇ ಇನ್ನಷ್ಟು ಜನ ಸಾಯುತ್ತಿದ್ದರು, ಪೇಟೆಯವರ ಸಿಟ್ಟು ಅವಳ ಮೇಲೆ ತಿರುಗುತ್ತಿತ್ತು. ಬರ್ತಾರೆ, ಕೇಳ್ತಾರೆ, ಬರ್ಕೊಂಡು ಹೋಗ್ತಾರೆ, ಆಮೇಲೆ ಏನೂ ಆಗಲ್ಲ ಎಂಬ ಮಾತು ಅವಳ ಬೆನ್ನ ಹಿಂದೆ ಸದಾ ಕೇಳಿಬರುತ್ತಿತ್ತು.

ಶಾಲೆಯ ಹಿಂದಿನ ನಲ್ಲಿಗಳ ಮುಂದೆ ನೀರಿಗೆ ನಿಂತ ಸಾಲಿನ ಮೇಲೆ ಎದುರು ಗುಡ್ಡದಲ್ಲಿ ಬೀಡುಬಿಟ್ಟ ಶತ್ರುಪಡೆಯ ಶೆಲ್ ಬಿದ್ದು ಒಂದು ವಾರವಾಗಿತ್ತು. ಸತ್ತವರಲ್ಲಿ ಹೆಂಗಸರು, ಮುದುಕರು, ಶಾಲೆಗೆ ಹೋಗಬೇಕಾದ ಮಕ್ಕಳು. ಸೈಕಲ್ ಶಾಪಿನವನ ಹೆಂಡತಿಯೂ ಅವರಲ್ಲಿ ಒಬ್ಬಳು.

"ಸಂಜೆಗೆ ನಮ್ಮ ಕಡೆಯ ಬಂದೂಕಿನ ಹುಡುಗರು ಬರ್ತಾರೆ. ಭಾವನ್ನ ಅವರ ಕೈಗೆ ಕೊಡ್ತೀವಿ," ಎಂದು ಅವನು ರೆಕಾರ್ಡರನ್ನು ನೀರಿನಿಂದ ಎತ್ತಿ, ಒದ್ದೆಬಟ್ಟೆಯಂತೆ ಝಾಡಿಸಿ ಅವಳ ಕೈಗಿಟ್ಟ.

ಭಾವ ಎಂದರೆ ಅವನ ಸ್ವಂತ ಅಕ್ಕನ ಗಂಡ. ಪೇಟೆಗೆ ನೀರು ಬಿಡುವ ನೀರುಗಂಟಿ. ಹೊಡೆತ ತಿಂದು ಮೂಗು ಒಡೆಸಿಕೊಂಡು ಹಳೇ ಗೋದಾಮಿನಲ್ಲಿ ಕಂಬಕ್ಕೆ ಕಟ್ಟಿಸಿಕೊಂಡು ಕೂತಿದ್ದ. ಬಂದೂಕಿನ ಹುಡುಗರು ಪ್ರಶ್ನೆ ಕೇಳುವ ಪೈಕಿಯವರಲ್ಲ ಎಂದು ಎಲ್ಲರಿಗೂ ಗೊತ್ತಿತ್ತು.

"ಅವರೇ ಗುಡ್ಡದವರಿಗೆ ಸುದ್ದಿ ಕೊಟ್ಟರು ಅನ್ನೋದಕ್ಕೆ ಸಾಕ್ಷಿ ಏನು?"

"ನಲ್ಲಿ ಇರೋದು ಗೋಡೆ ಹಿಂದೆ. ಗುಡ್ಡದಿಂದ ಸಾಲು ಕಾಣೋದೇ ಇಲ್ಲ. ನೀರು ಯಾವಾಗ ಬಿಡ್ತಾರೆ ಅಂತ ಗೊತ್ತಿರೋದು ಒಬ್ಬನಿಗೆ. ಮೊದಲನೇ ಶೆಲ್ಲೇ ಸಾಲಿನ ಮಧ್ಯಕ್ಕೆ ಬಿತ್ತು. ಅವನ ಮನೆಯವರು ಯಾವತ್ತೂ ಸಾಲಲ್ಲಿ ನಿಲ್ಲಲ್ಲ, ಅವರಿಗೆ ಪಂಪ್‌ಹೌಸಲ್ಲೇ ನೀರು. ಇನ್ನೂ ಏನು ಬೇಕು? ಅವನ ಕೈಬರಹದಲ್ಲಿ ಬರೆದುಕೊಡಬೇಕಾ?"

"ನೀವು ಅವರನ್ನ ಕೊಂದರೆ ಅದೂ ಕೊಲೆಯೇ. ನಾಳೆ ನಿಮ್ಮ ಹೆಸರನ್ನೂ ಬರ್ಕೋತೀನಿ," ಎಂದಳು ಅವಳು.

 ಸೈಕಲ್ ಶಾಪಿನವನು ಕೈಯಲ್ಲಿದ್ದ ಸ್ಪ್ಯಾನರನ್ನು ನೆಲಕ್ಕೆ ಎಸೆದ. ಅದು ಅವಳ ಕಾಲ ಬಳಿಯೇ ಬಂದು ಬಿತ್ತು.

"ಬರ್ಕೊಳ್ಳಿ. ಕೈ ನೋಯೋ ತನಕ ಬರ್ಕೊಳ್ಳಿ. ಸಂಜೆ ತನಕ ಟೈಮಿದೆ ನಿಮಗೆ."

ಹೊರಗೆ ಗೋಡೆಗೆ ಒರಗಿಕೊಂಡು ಅವನ ಅಕ್ಕ ಕಾಯುತ್ತಿದ್ದಳು. ತಮ್ಮ ಒಂದು ಕಡೆ, ಗಂಡ ಇನ್ನೊಂದು ಕಡೆ ಆಗಿ ಅವಳ ಮುಖ ವಾರದೊಳಗೇ ಇಳಿದುಹೋಗಿತ್ತು. ಆದರೂ ಟೇಪಮ್ಮನನ್ನು ನೋಡಿದ ಕಣ್ಣಿನಲ್ಲಿ ಕರುಣೆಯೇನೂ ಇರಲಿಲ್ಲ.

"ನನ್ನ ಗಂಡನ್ನ ಉಳಿಸಿಕೊಡ್ತೀರಾದ್ರೆ ಮಾತಾಡಿ. ಇಲ್ಲಾಂದ್ರೆ ನಿಮ್ಮ ದಾರಿ ನೀವು ನೋಡ್ಕೊಳ್ಳಿ," ಎಂದಳು.

"ನಲ್ಲಿ ಹತ್ತಿರ ಕರ್ಕೊಂಡು ಹೋಗಿ."

ಕಿಟಕಿಗಳಿಗೆಲ್ಲ ಪ್ಲಾಸ್ಟಿಕ್ ಹಾಳೆ ಹೊಡೆದ ಬೀದಿಯಲ್ಲಿ ಇಬ್ಬರೂ ಗೋಡೆಯ ಪಕ್ಕವೇ ನಡೆದರು. ಗುಡ್ಡಕ್ಕೆ ಬಯಲಾಗುವ ಕಡೆ ಅಕ್ಕ ತಲೆ ತಗ್ಗಿಸಿ ಓಡುತ್ತಿದ್ದಳು, ಟೇಪಮ್ಮನೂ ಓಡುತ್ತಿದ್ದಳು.

ಶಾಲೆಯ ಹಿಂಗೋಡೆಗೆ ಉದ್ದಕ್ಕೂ ನಲ್ಲಿಗಳು. ಅದರ ಕೆಳಗೆ ಯಾರೂ ಬಂದು ಒಯ್ಯದ ಪ್ಲಾಸ್ಟಿಕ್ ಕ್ಯಾನುಗಳು ಸಾಲಾಗಿ ನಿಂತಿದ್ದವು. ಯಾರೋ ಅವನ್ನು ನೆಟ್ಟಗೆ ನಿಲ್ಲಿಸಿ ಹೋಗಿದ್ದರು. ಟೇಪಮ್ಮ ಅತ್ತ ಹೆಚ್ಚು ಹೊತ್ತು ನೋಡದೆ ನೆಲ ನೋಡತೊಡಗಿದಳು.

ನೆಲದಲ್ಲಿ ಎರಡು ಕಡೆ ಗುಂಡಿಗಳಿದ್ದವು. ನಡುವಿನದರ ಅಂಚು ಇನ್ನೂ ಕರ್ರಗಿತ್ತು, ಒಳಗೆಲ್ಲ ಒಣ ಧೂಳು. ಆಚೆ ಕೊನೆಯ ಗುಂಡಿಯಲ್ಲಿ ಮಳೆನೀರು ನಿಂತಿತ್ತು.

ಅವಳು ಕೂತು ನೀರಿಗೆ ಬೆರಳಿಟ್ಟಳು. ಕೆಳಗೆ ಕೆಸರು ಕೂತಿತ್ತು.

"ಕೊನೇ ಮಳೆ ಯಾವಾಗ ಬಂದಿದ್ದು?"

ಅಕ್ಕ ಯೋಚಿಸಿದಳು. "ಸಾಲಿನ ಮೇಲೆ ಶೆಲ್ ಬೀಳೋಕೆ ಮುಂಚೆ. ಆಮೇಲೆ ಒಂದು ಹನೀನೂ ಬಂದಿಲ್ಲ."

"ಹಾಗಿದ್ರೆ ಈ ಗುಂಡಿ ಅವತ್ತಿನದಲ್ಲ."

"ಅದಾ? ಅದು ಅದಕ್ಕೂ ಹಿಂದಿನ ವಾರದ್ದು. ಅವತ್ತು ಇಲ್ಲಿ ನರಪಿಳ್ಳೆ ಇರಲಿಲ್ಲ. ಗುಡ್ಡದವರಿಗೆ ತಲೆ ಕೆಟ್ಟಿದೆ, ಖಾಲಿ ನಲ್ಲಿಗೆ ಹೊಡೆದು ಶೆಲ್ ದಂಡ ಮಾಡಿದ್ರು ಅಂತ ನಾವೆಲ್ಲ ನಕ್ಕಿದ್ವಿ." ಅಕ್ಕ ಸಾಲಾಗಿ ನಿಂತ ಕ್ಯಾನುಗಳತ್ತ ನೋಡಿದಳು. "ತಮ್ಮನ ಹೆಂಡತೀನೂ ನಕ್ಕಿದ್ಲು."

"ಅವತ್ತು ಯಾಕೆ ಯಾರೂ ಇರಲಿಲ್ಲ?"

"ನೀರೇ ಇರಲಿಲ್ಲವಲ್ಲ. ಮೋಟಾರ್ ಸುಟ್ಟುಹೋಗಿತ್ತು. ನನ್ನ ಗಂಡ ಬೆಳಿಗ್ಗೆಯಿಂದ ಅದರ ಕೆಳಗೇ ಮಲಗಿದ್ದ. ಮೈಯೆಲ್ಲ ಗ್ರೀಸ್ ಮಾಡ್ಕೊಂಡು ಮನೆಗೆ ಬಂದ."

ಟೇಪಮ್ಮ ಎದ್ದು ನಿಂತಳು. ನೀರು ಬರುವುದಿಲ್ಲ ಎಂದು ಖಂಡಿತವಾಗಿ ಗೊತ್ತಿದ್ದ ಮನುಷ್ಯ ಆ ದಿನ ಗುಡ್ಡಕ್ಕೆ ಸುದ್ದಿ ಕೊಡುವುದು ಹೇಗೆ? ಆದರೂ ಆ ದಿನ ಶೆಲ್ ಬಂದಿತ್ತು. ಗುಡ್ಡದವರು ಬೇರೆ ಏನನ್ನೋ ನೋಡಿ ಹೊಡೆದಿದ್ದರು.

ಏನನ್ನು ಎಂಬುದು ಅವಳಿಗೆ ಹೊಳೆಯಲು ಹೊತ್ತು ಹಿಡಿಯಲಿಲ್ಲ. ಆ ಪೇಟೆಯವರು ನೀರಿನ ಹೊತ್ತನ್ನು ಫೋನಿನಲ್ಲಿ ಹೇಳುತ್ತಿರಲಿಲ್ಲ. ಫೋನೆಲ್ಲ ಗುಡ್ಡದವರ ಕಿವಿಗೆ ಬೀಳುತ್ತದೆ ಎಂಬ ಭಯ. ಅದಕ್ಕಾಗಿ ಮೂಲೆಮನೆಯ ಅಜ್ಜಿಯ ಬಾಲ್ಕನಿಯಲ್ಲಿ ಒಗೆದ ಬಟ್ಟೆಯ ನಡುವೆ ಒಂದು ಹಳದಿ ಚಾದರ ಒಣಹಾಕುತ್ತಿದ್ದರು. ಹಳದಿ ಚಾದರ ಕಂಡರೆ ಸ್ವಲ್ಪ ಹೊತ್ತಿಗೆ ನೀರು ಎಂದರ್ಥ. ಹಾಕು ಎಂದು ನೀರುಗಂಟಿ ಹೇಳಿ ಕಳಿಸಬೇಕು, ಅಜ್ಜಿ ಹಾಕಬೇಕು. ಬಾಲ್ಕನಿ ಗುಡ್ಡಕ್ಕೆ ನೇರ ಕಾಣುತ್ತಿದ್ದರೂ ಬಟ್ಟೆ ಒಣಹಾಕದ ಮನೆ ಯಾವುದಿದೆ? ಎಷ್ಟೋ ತಿಂಗಳು ಯಾರಿಗೂ ಏನೂ ಆಗಿರಲಿಲ್ಲ.

"ಅಜ್ಜಿ ಮನೆಗೆ ಹೋಗೋಣ," ಎಂದಳು.

ಅಜ್ಜಿ ಬಾಗಿಲು ತೆಗೆಯಲಿಲ್ಲ.

"ಯಾರು?"

"ಆಯೋಗದಿಂದ ಬಂದಿದ್ದೀನಿ ಅಜ್ಜಿ."

"ಮನೇಲಿ ಯಾರೂ ಇಲ್ಲ."

"ನೀವಿದ್ದೀರಲ್ಲ."

"ನಾನೂ ಇಲ್ಲ. ಹೋಗು."

ಅಕ್ಕ ಬಾಗಿಲಿಗೆ ಗುದ್ದಿದಳು. "ಅಜ್ಜೀ, ನಾನು! ಈಗ ತೆಗೀದಿದ್ರೆ ಸಂಜೆಗೆ ನನ್ನ ಗಂಡನ ಹೆಣ ನೋಡೋಕೆ ತೆಗೀಬೇಕಾಗುತ್ತೆ!"

ಒಳಗೆ ಚಪ್ಪಲಿ ಎಳೆದ ಸದ್ದು. ಸರಪಳಿ ಹಾಕಿದಂತೆಯೇ ಬಾಗಿಲು ನಾಲ್ಕು ಬೆರಳಷ್ಟು ತೆರೆಯಿತು. ಸಂದಿಯಲ್ಲಿ ಅಜ್ಜಿಯ ಒಂದು ಕಣ್ಣು, ಅರ್ಧ ಮೂಗು.

"ಖಾಲಿ ನಲ್ಲಿಗೆ ಶೆಲ್ ಬಿದ್ದ ದಿನ ನಿಮ್ಮ ಬಾಲ್ಕನಿಯಲ್ಲಿ ಏನಿತ್ತು?" ಎಂದಳು ಟೇಪಮ್ಮ. ಉತ್ತರವನ್ನು ಪ್ರಶ್ನೆಯೊಳಗೇ ತುರುಕಬಾರದು ಎಂಬುದು ಅವಳು ಎಂದೂ ಮುರಿಯದ ನಿಯಮ. ಹಳದಿ ಹಾಕಿದ್ರಾ ಎಂದು ಕೇಳಿದ್ದರೆ ಅಜ್ಜಿ ಹೂಂ ಅಥವಾ ಊಹೂಂ ಎಂದು ಬಾಗಿಲು ಹಾಕಿಕೊಳ್ಳುತ್ತಿದ್ದಳು.

"ಹಳದಿ ಹಾಕಿರಲಿಲ್ಲ! ಯಾರ ತಲೆ ಮೇಲೆ ಬೇಕಾದ್ರೂ ಕೈಯಿಟ್ಟು ಹೇಳ್ತೀನಿ!"

"ಮತ್ತೇನು ಹಾಕಿದ್ರಿ?"

ಅಜ್ಜಿಯ ಕಣ್ಣು ಅಕ್ಕನ ಕಡೆ ಹೊರಳಿತು. "ಬೈಯಲ್ಲ ಅಂತ ಹೇಳು ಮೊದಲು."

"ಬೈಯಲ್ಲ ಅಜ್ಜಿ."

"ಚಾದರ ಒಗೆದೆ. ಮೊಮ್ಮಗಳು ರಾತ್ರಿ ಹಾಸಿಗೆ ಒದ್ದೆ ಮಾಡಿದ್ಲು. ಮಗು ಅದರಲ್ಲೇ ಮಲಗಬೇಕಾ? ಕುಡಿಯೋಕೆ ಇಟ್ಕೊಂಡಿದ್ದ ನೀರಲ್ಲಿ ಒಗೆದೆ. ಜನ ತೊಟ್ಟು ನೀರಿಗೆ ಸಾಯ್ತಿರೋವಾಗ ಈ ಮುದುಕಿ ಬಟ್ಟೆ ಒಗೀತಾಳೆ ಅಂತ ನನ್ನ ಮುಖಕ್ಕೆ ಉಗಿಯಲ್ವಾ ನೀವೆಲ್ಲ? ಅದಕ್ಕೇ ಯಾರಿಗೂ ಹೇಳಿರಲಿಲ್ಲ."

"ಯಾವ ಚಾದರ?"

"ನೀಲೀದು. ಇರೋದೇ ಎರಡು ಕಣಮ್ಮ ಈ ಮನೇಲಿ. ಹಳದಿ ನಿಮ್ಮ ಪೇಟೆಗೆ, ನೀಲಿ ನನ್ನ ಮೊಮ್ಮಗಳಿಗೆ."

 ಟೇಪಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ಸಾಲಿನ ಮೇಲೆ ಬಿದ್ದ ದಿನ?"

"ಅವತ್ತು ನೀರುಗಂಟಿ ಹೇಳಿ ಕಳಿಸಿದ, ಹಳದಿ ಹಾಕಿದೆ. ಹೇಗೂ ನೀರು ಬರುತ್ತಲ್ಲ ಅಂತ ಇದ್ದಬದ್ದ ನೀರಲ್ಲಿ ನೀಲೀನೂ ಒಗೆದು ಪಕ್ಕದಲ್ಲೇ ಹರವಿದೆ."

"ಈ ಎರಡು ದಿನಗಳ ಮಧ್ಯೆ ಯಾವಾಗಲಾದರೂ ಹಾಕಿದ್ರಾ?"

"ಹಳದಿ ಒಂದನ್ನೇ ಎರಡು ಮೂರು ಸಲ ಹಾಕಿದ್ದೆ. ಎಲ್ಲರೂ ನೀರು ತುಂಬಿಸ್ಕೊಂಡು ಹೋದ್ರು. ಒಂದು ಪಟಾಕೀನೂ ಹಾರಲಿಲ್ಲ."

ಅಕ್ಕನಿಗೆ ತಟ್ಟನೆ ಹೊಳೆಯಿತು. ಅವಳು ಟೇಪಮ್ಮನ ತೋಳು ಹಿಡಿದು ಅಲುಗಾಡಿಸಿಬಿಟ್ಟಳು. "ನೀಲಿ! ಅವರು ನೀಲಿ ನೋಡಿ ಹೊಡೆದಿದ್ದಾರೆ! ನಮ್ಮ ಪೇಟೇಲಿ ಹಾಲು ಕುಡಿಯೋ ಮಗುಗೂ ಗೊತ್ತು, ಗುರುತು ಹಳದಿ ಅಂತ. ನನ್ನ ಗಂಡ ಹೇಳಿದ್ರೆ ಹಳದಿ ಅಂತಾನೇ ಹೇಳ್ತಿದ್ದ. ನೀಲಿ ಅಂತ ಯಾರು ಹೇಳ್ತಾರೆ? ಇಲ್ಲಿಯೋರು ಯಾರೂ ಹೇಳಲ್ಲ! ಅಲ್ವಾ? ಅಲ್ವಾ ಹೇಳಿ!"

"ಹೌದು," ಎಂದಳು ಟೇಪಮ್ಮ. "ಇಲ್ಲಿಯೋರು ಯಾರೂ ಹೇಳಲ್ಲ."

"ಮತ್ಯಾಕೆ ನಿಮ್ಮ ಮುಖ ಹಾಗೆ ಬಿಳಿಚಿಕೊಂಡಿದೆ?"

ಟೇಪಮ್ಮ ಆಗಲೇ ಮೆಟ್ಟಿಲಿಳಿಯುತ್ತಿದ್ದಳು. 

ನೀಲಿ ಎಂದು ಬರೆದವಳು ಅವಳೇ.

ಈ ಕೆಲಸಕ್ಕೆ ಬಂದ ಹೊಸದರಲ್ಲೇ ಅವಳೊಂದು ರೂಢಿ ಮಾಡಿಕೊಂಡಿದ್ದಳು. ಸಾಕ್ಷಿಗಳು ಹೇಳಿದ್ದನ್ನು ಬರೆದು ಆಯೋಗದ ನಗರ ಕಚೇರಿಗೆ ಕಳಿಸುವಾಗ ಪ್ರತಿ ಕಾಗದದಲ್ಲೂ ಒಂದು ವಿಷಯವನ್ನು ಬೇಕೆಂದೇ ತಪ್ಪಾಗಿ ಬರೆಯುತ್ತಿದ್ದಳು. ಒಮ್ಮೆ ಬಾಗಿಲಿನ ಬಣ್ಣ, ಒಮ್ಮೆ ನೆಂಟಸ್ತಿಕೆ, ಒಮ್ಮೆ ಜಾಗವೇ ಬೇರೆ. ಕಾಗದ ಯಾರದಾದರೂ ಕೈಗೆ ಸಿಕ್ಕರೂ ಸಾಕ್ಷಿಯ ಮನೆ ಸಿಗಬಾರದು. ನಿಜ ಯಾವುದು ಎಂಬುದು ಅವಳ ತಲೆಯಲ್ಲಿ ಮಾತ್ರ ಇರುತ್ತಿತ್ತು. ತೀರ್ಪಿನ ಹೊತ್ತಿಗೆ ತಾನೇ ನಿಂತು ಸರಿಪಡಿಸುವುದು ಅವಳ ಲೆಕ್ಕಾಚಾರ.

ನೀರಿಗಾಗಿ ಈ ಜನ ಹೇಗೆಲ್ಲ ಬಚ್ಚಿಟ್ಟುಕೊಂಡು ಬದುಕಬೇಕಾಗಿದೆ ಎಂದು ತೋರಿಸಲು ಅವಳು ಕಳೆದ ತಿಂಗಳು ಒಂದು ಕಾಗದ ಬರೆದಿದ್ದಳು. ಮೂಲೆಮನೆಯ ಬಾಲ್ಕನಿಯಲ್ಲಿ ನೀಲಿ ಚಾದರ ಕಂಡರೆ ಹೆಂಗಸರು, ಮಕ್ಕಳು, ಮುದುಕರು ಶಾಲೆಯ ಹಿಂದೆ ಸೇರುತ್ತಾರೆ ಎಂದು. ಆ ಮನೆಯಲ್ಲಿ ನಿಜವಾಗಿಯೂ ಒಂದು ನೀಲಿ ಚಾದರ ಇರಬಹುದು ಎಂದು ಅವಳಿಗೆ ಹೊಳೆದಿರಲೇ ಇಲ್ಲ.

ಗುಡ್ಡದವರು ಆ ಕಾಗದ ಓದಿ ಹೊಡೆದಿದ್ದರು. ಸಾಲಿನಲ್ಲಿ ಯಾರಿರುತ್ತಾರೆಂದು ತಿಳಿದೇ ಹೊಡೆದಿದ್ದರು. ಬೇಕೆಂದೇ ಕೊಂದರು ಎನ್ನುವುದಕ್ಕೆ ಅವಳು ವರ್ಷದಿಂದ ಕಣ್ಣಲ್ಲಿ ಕಣ್ಣಿಟ್ಟು ಹುಡುಕುತ್ತಿದ್ದ ಸಾಕ್ಷಿ ಇದೇ. ಅದು ಸಿಕ್ಕಿದ್ದು ಅವಳದೇ ಕಾಗದದಲ್ಲಿ. ಅವಳಿಗೆ ನಾಚಿಕೆಯಾಯಿತು, ಅಸಹ್ಯವಾಯಿತು, ಆಮೇಲೆ ಅವೆರಡನ್ನೂ ಮೀರಿದ ಭಯವಾಯಿತು. ಏಕೆಂದರೆ ಆ ಕಾಗದ ಅವಳು ಕಳಿಸಿದ್ದು ಒಬ್ಬನೇ ಒಬ್ಬನಿಗೆ.

ನಗರದ ಕಚೇರಿ ನೋಡಿಕೊಳ್ಳುತ್ತಿದ್ದವನು ಅವಳ ಗಂಡ.

ಗೋದಾಮು ಪೇಟೆಯ ಕೊನೆಯಲ್ಲಿತ್ತು. ಯುದ್ಧಕ್ಕೆ ಮುಂಚೆ ಸಿಮೆಂಟ್ ಇಡುತ್ತಿದ್ದ ಜಾಗ. ಆಮೇಲೆ ಅತ್ತ ಯಾರೂ ಕಾಲಿಟ್ಟಿರಲಿಲ್ಲ. ಇಂದು ಮಾತ್ರ ಪೇಟೆಗೆ ಪೇಟೆಯೇ ಅಲ್ಲಿ ನೆರೆದಿತ್ತು. ಸತ್ತವರ ಮನೆಯವರು ಮುಂದೆ ಕೂತಿದ್ದರು. ಕಂಬಕ್ಕೆ ಕಟ್ಟಿದ್ದ ನೀರುಗಂಟಿ ಹೆಂಡತಿಯನ್ನು ನೋಡಿ ತಲೆ ಎತ್ತಿದ, ಮತ್ತೆ ತಗ್ಗಿಸಿದ.

ದಾರಿಯುದ್ದಕ್ಕೂ ಟೇಪಮ್ಮ ಒಂದೇ ಲೆಕ್ಕ ಹಾಕಿದ್ದಳು. ನೀಲಿ ಚಾದರದ ಮಾತು ಹೇಳಿದರೆ ಸಾಕು, ನೀರುಗಂಟಿ ಬಿಡುಗಡೆಯಾಗುತ್ತಾನೆ. ಮುಂದಿನದನ್ನು ಹೇಳಬೇಕಾಗಿಲ್ಲ. ಆಯೋಗ ಉಳಿಯುತ್ತದೆ, ಗಂಡ ಉಳಿಯುತ್ತಾನೆ, ತಾನೂ ಉಳಿಯುತ್ತೇನೆ.

ಅವಳು ಹೇಳಿದಳು. ಮಳೆನೀರು ನಿಂತ ಗುಂಡಿ, ಸುಟ್ಟ ಮೋಟಾರು, ಅಜ್ಜಿ ಒಗೆದ ಚಾದರ. ಜನ ಉಸಿರು ಬಿಗಿಹಿಡಿದು ಕೇಳಿದರು. ಸೈಕಲ್ ಶಾಪಿನವನು ಮಾತ್ರ ಮಧ್ಯದಲ್ಲೇ ಎದ್ದು ಅವಳ ಎದುರು ಬಂದು ನಿಂತ.

"ನೀಲಿ," ಎಂದ.

"ನೀಲಿ."

"ನಮ್ಮಲ್ಲಿ ನೀಲಿ ಅನ್ನೋರು ಯಾರೂ ಇಲ್ಲ. ಒಪ್ಪಿದೆ. ಹಾಗಾದ್ರೆ ಗುಡ್ಡಕ್ಕೆ ನೀಲಿ ಅಂತ ಹೇಳಿದ್ದು ಯಾರು?"

"ಅದನ್ನ ಆಯೋಗ ತನಿಖೆ ಮಾಡುತ್ತೆ. ಎಲ್ಲೋ ಒಂದು ಕಡೆಯಿಂದ ಮಾಹಿತಿ..."

"ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡಬೇಡಿ!" ಅವನ ಕೂಗಿಗೆ ತಗಡಿನ ಮಾಡು ಗುಂಯ್ಗುಟ್ಟಿತು. "ನಿನ್ನೆ ನಾನು ಯಾರೋ ಹೇಳಿದ್ರು ಅಂದಾಗ ನೀವು ಏನಂದ್ರಿ? ಯಾರೋ ಅಂತ ಯಾರೂ ಇರಲ್ಲ, ಹೆಸರು ಹೇಳಿ ಅಂದ್ರಿ. ಹೆಂಡತಿ ಹೆಣ ಎತ್ತಿದ ಕೈ ಇನ್ನೂ ನಡುಗ್ತಿರೋವಾಗ ನನ್ನನ್ನ ಹಿಂಡಿ ಹಿಂಡಿ ಕೇಳಿದ್ರಿ. ಅವತ್ತು ನೀರಿಗೆ ಹೋಗೋ ಸರದಿ ನಂದಾಗಿತ್ತು ಅಂತ ಕೂಡ ನಿಮಗೆ ಹೇಳಿದೆ. ಸ್ವಂತ ಅಕ್ಕನಿಗೂ ಹೇಳಿರಲಿಲ್ಲ ಅದನ್ನ. ಈಗ ನಿಮ್ಮ ಸರದಿ. ಹೇಳಿ. ಯಾರು?"

ಅವನ ಕಣ್ಣಿನಲ್ಲಿ ನೀರು ತುಂಬಿ ಕೆನ್ನೆಗೆ ಇಳಿಯುತ್ತಿತ್ತು. ಅವನು ಅದನ್ನು ಒರೆಸಿಕೊಳ್ಳಲಿಲ್ಲ.

ಅವಳು ಬಾಯಿಗೆ ಬೀಗ ಹಾಕಿಕೊಳ್ಳಬಹುದಿತ್ತು. ಅಷ್ಟೂ ಮಂದಿಯ ಬಾಯಿ ಬಿಡಿಸಿದವಳಿಗೆ ಅದು ಆಗಲಿಲ್ಲ.

"ನಾನು," ಎಂದಳು. "ನೀಲಿ ಅಂತ ಬರೆದದ್ದು ನಾನು. ನಿಮ್ಮ ಗುರುತು ಯಾರಿಗೂ ಸಿಗಬಾರದು ಅಂತ ಬಣ್ಣ ಬದಲಾಯಿಸಿದೆ. ಆ ಕಾಗದ ಓದಿದ್ದು ಒಬ್ಬರೇ. ನನ್ನ ಗಂಡ."

 ಮುಂದೆ ಕೂತಿದ್ದ ಹೆಂಗಸೊಬ್ಬಳು ಚಪ್ಪಲಿ ತೆಗೆದು ಎಸೆದಳು. ಅದು ಟೇಪಮ್ಮನ ಹೆಗಲಿಗೆ ಬಡಿಯಿತು. ಇನ್ನೊಂದು ಚಪ್ಪಲಿ ಬಂತು. ಅಕ್ಕ ಅತ್ತ ತಿರುಗಿಯೂ ನೋಡದೆ ಗಂಡನ ಬಳಿಗೆ ಓಡಿ ಹಗ್ಗದ ಗಂಟನ್ನು ಹಲ್ಲಿನಿಂದ ಕಚ್ಚಿ ಬಿಚ್ಚತೊಡಗಿದಳು. ತಡೆಯಲು ಯಾರೂ ಹೋಗಲಿಲ್ಲ.

ಸೈಕಲ್ ಶಾಪಿನವನು ಕೈ ಎತ್ತಿ ಜನರನ್ನು ಸುಮ್ಮನಾಗಿಸಿದ. "ಫೋನ್ ಮಾಡಿ. ಸ್ಪೀಕರ್ ಹಾಕಿ. ಎಲ್ಲರೂ ಕೇಳಲಿ."

ಅವಳ ಬೆರಳು ಎರಡು ಸಲ ತಪ್ಪು ಕಡೆ ಒತ್ತಿತು. ಮೂರನೇ ಸಲ ಅತ್ತ ರಿಂಗ್ ಆಯಿತು.

"ಎಲ್ಲಿದ್ದೀಯ?" ಗಂಡನ ದನಿ ಗೋದಾಮಿನಲ್ಲೆಲ್ಲ ಕೇಳಿಸಿತು.

"ಪೇಟೆಯಲ್ಲೇ."

"ಇನ್ನೂ ಅಲ್ಲೇ ಇದ್ದೀಯಾ? ಹೊರಟು ಬಾ ಅಂತ ಬೆಳಿಗ್ಗೆಯಿಂದ ಎಷ್ಟು ಮೆಸೇಜ್ ಹಾಕಿದೆ ಕಣೆ!"

"ಬಂದಿಲ್ಲ ಯಾವುದೂ. ರೀ, ಒಂದು ಮಾತು ಕೇಳ್ತೀನಿ. ನೀರಿನ ಸಾಲಿನ ಬಗ್ಗೆ ಕಳಿಸಿದ್ನಲ್ಲ, ಆ ಕಾಗದ ಏನಾಯ್ತು?"

ಆ ಕಡೆ ಕುರ್ಚಿ ಸರಿದ ಸದ್ದು.

"ಕಳಿಸಿದೆ. ದೂರು ಗುಡ್ಡದವರ ಮೇಲಲ್ವಾ, ಅವರ ಉತ್ತರವನ್ನೂ ಕೇಳಬೇಕಲ್ಲ. ನೀನೇ ಹಠ ಹಿಡಿದು ಮಾಡಿಸಿದ ನಿಯಮ ಅದು."

"ಪೂರ್ತಿ ಕಳಿಸಿದ್ರಾ? ಜನ ಸೇರೋ ಜಾಗ, ಗುರುತು, ಇವನ್ನೆಲ್ಲ ಕತ್ತರಿಸಿ ತಾನೇ ಕಳಿಸಬೇಕು?"

ಅವನು ಸಣ್ಣಗೆ ಕೆಮ್ಮಿದ. ಇಪ್ಪತ್ತು ವರ್ಷ ಸಂಸಾರ ಮಾಡಿದವಳಿಗೆ ಆ ಕೆಮ್ಮು ಏನೆಂದು ಗೊತ್ತಿತ್ತು.

"ಕತ್ತರಿಸಲಿಲ್ಲ. ಅವರ ಕಡೆಯ ಅಧಿಕಾರಿ ಖುದ್ದಾಗಿ ಬಂದು ಕೂತು ಹೇಳಿದ ಕಣೆ. ಜನ ಎಲ್ಲಿರ್ತಾರೆ ಅಂತ ತಿಳಿಸಿ, ಆ ಜಾಗ ಬಿಟ್ಟು ಹೊಡೀತೀವಿ ಅಂದ. ಬರೆದು ಕೊಟ್ಟ. ನಾನು ಅವರನ್ನ ಉಳಿಸೋಕೆ ಕೊಟ್ಟೆ. ಆಣೆ ಮಾಡಿ ಹೇಳ್ತೀನಿ, ಉಳಿಸೋಕೆ ಕೊಟ್ಟೆ."

ಜನರ ನಡುವೆ ಯಾರೋ ಬಿಕ್ಕಿದರು. ಅವಳಿಗೆ ಫೋನನ್ನು ನೆಲಕ್ಕೆ ಅಪ್ಪಳಿಸಬೇಕೆನಿಸಿತು. ಆದರೆ ವಕೀಲೆಯ ಬುದ್ಧಿ ಬಿಡಲಿಲ್ಲ. ಒಂದನ್ನು ಒಪ್ಪಿಕೊಂಡವನಲ್ಲಿ ಇನ್ನೊಂದು ಇದ್ದೇ ಇರುತ್ತದೆ.

"ಅದೊಂದೇ ಕಾಗದ ಕೊಟ್ರಾ?"

ಅತ್ತ ಬಾಗಿಲು ಮುಚ್ಚಿಕೊಂಡ ಸದ್ದು ಕೇಳಿಸಿತು.

"ರೀ. ಇನ್ನೇನು ಕೊಟ್ರಿ?"

"ಎಲ್ಲಾ ಕೊಟ್ಟೆ. ನೀನು ಆ ಪೇಟೆಯ ಬಗ್ಗೆ ಬರೆದದ್ದೆಲ್ಲ. ಮಕ್ಕಳು ಮಲಗೋ ಜಾಗ, ಗಾಯಾಳುಗಳನ್ನ ಇಟ್ಟಿರೋ ಜಾಗ..." ಅವನ ದನಿ ಒಡೆಯಿತು. "ನೋಡು, ಅವರ ಕಡೆಯವನೇ ಒಬ್ಬ ಬೆಳಿಗ್ಗೆ ಗುಟ್ಟಾಗಿ ತಿಳಿಸಿದ. ಗಾಯಾಳುಗಳ ಜಾಗಕ್ಕೆ ಇವತ್ತು ಹೊಡೀತಾರೆ. ಸಂಜೆ ಅಂದ, ಅದಕ್ಕೂ ಮುಂಚೆ ಆದರೂ ಆಗಬಹುದು. ಯಾರನ್ನ ಎಬ್ಬಿಸೋಕೆ ಆಗುತ್ತೋ ಎಬ್ಬಿಸು. ನೀನು ಮೊದಲು ಅಲ್ಲಿಂದ..."

ಫೋನ್ ಕಡಿದುಹೋಯಿತು.

ಗದ್ದಲ ಎದ್ದಿತು. ಬಾಗಿಲ ಬಳಿ ನಿಂತಿದ್ದ ಕೆಲವರು ಗಾಯಾಳುಗಳಿದ್ದ ಔಷಧದ ಅಂಗಡಿಯ ನೆಲಮಾಳಿಗೆಯತ್ತ ಓಡಿದರು. ಅವಳು ಮಾತ್ರ ಕದಲಲಿಲ್ಲ. ಗಾಯಾಳುಗಳ ಜಾಗದ ಕಾಗದದಲ್ಲಿ ಬೇಕೆಂದೇ ಯಾವ ತಪ್ಪು ಬರೆದಿದ್ದೆ ಎಂದು ತಲೆ ಕೆದಕುತ್ತಿದ್ದಳು. ನೆಲಮಾಳಿಗೆಯ ಹೆಸರು ಬರೆದಿರಲಿಲ್ಲ. ಅದರ ಬದಲಿಗೆ ಯಾರೂ ಇರದ, ಬಿದ್ದರೂ ಯಾರಿಗೂ ಏನೂ ಆಗದ ಜಾಗವೊಂದನ್ನು ಹುಡುಕಿ ಬರೆದಿದ್ದಳು.

ನೆನಪಾಯಿತು. ಪೇಟೆಯ ಕೊನೆಯ ಹಳೇ ಸಿಮೆಂಟ್ ಗೋದಾಮು.

"ಹೊರಗೆ ಹೋಗಿ!" ಎಂದು ಅವಳು ಕಿರುಚಿದಳು. "ಎಲ್ಲರೂ ಹೊರಗೆ ಹೋಗಿ! ಅವರು ಹೊಡೆಯೋದು ಇಲ್ಲಿಗೆ! ಈ ಗೋದಾಮಿಗೆ!"

ಆ ಹೊತ್ತಿಗೆ ಸೈಕಲ್ ಶಾಪಿನವನು ಬಾಗಿಲ ಬಳಿ ತಲುಪಿದ್ದ. ಎರಡೂ ಕದ ಎಳೆದು ಮುಚ್ಚಿ, ಹಿಡಿಗಳಿಗೆ ಸೈಕಲ್ಲಿನ ಸರಪಳಿ ಸುತ್ತಿ ಬೀಗ ಹಾಕುತ್ತಿದ್ದ.

"ನೀವು ಇಲ್ಲಿರೋ ತನಕ ನಿಮ್ಮ ಗಂಡ ಹೊಡೆಸಲ್ಲ ಟೇಪಮ್ಮ. ಇಲ್ಲಿಂದ ಒಂದು ಹೆಜ್ಜೆ ಆಚೆ ಬಿಡಲ್ಲ ನಿಮ್ಮನ್ನ."

"ಹೊಡೆಯೋದು ಅವರ ಕೈಯಲ್ಲಿಲ್ಲ! ಗಾಯಾಳುಗಳ ಜಾಗ ಅಂತ ನಾನು ಬರೆದಿದ್ದು ಇದನ್ನೇ! ನಂಬಿ, ದಯವಿಟ್ಟು ನಂಬಿ, ಬೀಗ ತೆಗೀರಿ!"

ಅವನು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ನೀಲಿ ಅಂತ ಸುಳ್ಳು ಬರೆದೋರು ನೀವೇ ಅಲ್ವಾ?" ಎಂದು, ಬೀಗದ ಕೈಯನ್ನು ಮಾಡಿನ ಕೆಳಗಿನ ಗವಾಕ್ಷಿಯಿಂದ ಆಚೆಗೆ ಎಸೆದುಬಿಟ್ಟ.